ಮೈಬಣ್ಣದ ಕ್ರೇಯಾನ್: ಮಕ್ಕಳ ಚಿತ್ರಪುಸ್ತಕಗಳ ಒಂದು ಚರಿತ್ರೆ

ಎರಡು ವರ್ಷಗಳ ಹಿಂದೆ, ದೆಹಲಿಯಿಂದ ಚೆನ್ನೈಗೆ ವರ್ಗವಾಗಿ ಬಂದ ಹೊಸದರಲ್ಲಿ, ಒಂದು ಭಾನುವಾರ ನನ್ನ ಮಗಳು ನೆಲದ ಮೇಲೆ ಕಾಗದ ಹರಡಿಕೊಂಡು ಮನೆಯವರೆಲ್ಲರ ಚಿತ್ರ ಬರೆಯುತ್ತಿದ್ದಳು. ಆಗ ಅವಳಿಗೆ ಆರು ವರ್ಷ. "ಅಪ್ಪಾ, ಸ್ಕಿನ್ ಕಲರ್ ಎಲ್ಲಿ ಹೋಯ್ತು?" ಎಂದು ಕೇಳಿದಳು. ಮಂಚದ ಕೆಳಗೆ ಉರುಳಿಹೋಗಿದ್ದ ಕ್ರೇಯಾನನ್ನು ನಾನೇ ಬಗ್ಗಿ ತೆಗೆದುಕೊಟ್ಟೆ. ಅವಳು ನನಗೆ, ತನ್ನ ಅಮ್ಮನಿಗೆ, ಊರಿನಲ್ಲಿರುವ ಅಜ್ಜಿಗೆ, ಕೊನೆಗೆ ತನಗೆ ಅದೇ ಬಣ್ಣ ತುಂಬಿದಳು. ಚಿತ್ರ ಮುಗಿಸಿ ತಂದು ತೋರಿಸಿದಾಗಲಷ್ಟೇ ನನಗೆ ಹೊಳೆಯಿತು: ಆ ತೆಳು ಗುಲಾಬಿ ಬಣ್ಣದವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ನನ್ನ ಅಮ್ಮನದು ಮಳೆ ಬಿದ್ದ ಎರೆಮಣ್ಣಿನ ಬಣ್ಣ. ನನ್ನದೂ ಅದೇ, ಮಗಳದೂ ಹೆಚ್ಚುಕಡಿಮೆ ಅದೇ.

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಕರಿಯಮ್ಮ ಊರು ಕಾಯುವ ದೇವತೆ. ಕರಿಯಪ್ಪ, ಕರಿಬಸವ ಎಂಬವು ಮನೆತನಗಳು ಹೆಮ್ಮೆಯಿಂದ ಇಟ್ಟುಕೊಂಡು ಬಂದ ಹೆಸರುಗಳು. ಅಂಥ ಊರಿನಿಂದ ಬಂದವನ ಮಗಳು ತನ್ನ ಮೈಗೆ ತನ್ನದಲ್ಲದ ಬಣ್ಣ ಬಳಿದುಕೊಳ್ಳುವುದನ್ನು ಎಲ್ಲಿ ಕಲಿತಳು? ಶಾಲೆಯಲ್ಲಿ ಯಾರೂ ಇದನ್ನು ಪಾಠವಾಗಿ ಹೇಳಿಕೊಟ್ಟಿರಲಾರರು. ಆ ಸಂಜೆ ಅವಳ ಕಪಾಟಿನ ಮುಂದೆ ಕುಳಿತು ಚಿತ್ರಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಇಪ್ಪತ್ತಮೂರು ಪುಸ್ತಕಗಳಿದ್ದವು. ಅವಳಂತೆ ಕಾಣುವ ಮಗು ಇದ್ದದ್ದು ನಾಲ್ಕರಲ್ಲಿ. ಮೊಲ, ಕರಡಿ, ಆನೆಗಳು ನಾಯಕರಾಗಿದ್ದ ಪುಸ್ತಕಗಳು ಒಂಬತ್ತು. ಅವೆಲ್ಲವನ್ನೂ ಕೊಂಡು ತಂದವನು ನಾನೇ.

ಇಂಗ್ಲಿಷ್ ಎಂ.ಎ. ಓದುವಾಗ ಕಿಪ್ಲಿಂಗ್‌ನನ್ನೂ ಫಾರ್ಸ್ಟರ್‌ನನ್ನೂ ಎದುರಿಗಿಟ್ಟುಕೊಂಡು ವಸಾಹತುಶಾಹಿಯ ಕಣ್ಣು ಎಂತಹುದೆಂದು ಪುಟಗಟ್ಟಲೆ ಬರೆದಿದ್ದೆ. ಮಕ್ಕಳ ಚಿತ್ರಪುಸ್ತಕಗಳಿಗೂ ಅಂಥದೊಂದು ಚರಿತ್ರೆಯಿದೆಯೆಂದು ನನಗೆ ತಿಳಿದದ್ದು ಈ ಕ್ರೇಯಾನಿನ ಪ್ರಸಂಗದ ನಂತರ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಆರಂಭವಾಗುವುದು ನಾನೀಗ ವಾಸವಾಗಿರುವ ಊರಿಗೆ ಬರುತ್ತಿದ್ದ ಒಂದು ರೈಲಿನಲ್ಲಿ.

1898ರಲ್ಲಿ ಹೆಲೆನ್ ಬ್ಯಾನರ್‌ಮನ್ ಎಂಬ ಸ್ಕಾಟ್ಲೆಂಡಿನ ಮಹಿಳೆ ತನ್ನಿಬ್ಬರು ಹೆಣ್ಣುಮಕ್ಕಳನ್ನು ಕೊಡೈಕನಾಲಿನ ತಂಪಿನಲ್ಲಿ ಬಿಟ್ಟು ಮದ್ರಾಸಿಗೆ ಮರಳುತ್ತಿದ್ದಳು. ಆಕೆಯ ಗಂಡ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ವೈದ್ಯ. ಸುಮಾರು ಮೂರು ದಶಕ ಅವರು ಈ ದೇಶದಲ್ಲಿ ಕಳೆದರು. ಮಕ್ಕಳ ಅಗಲಿಕೆಯ ಬೇಸರವನ್ನು ಕಳೆಯಲು ದಾರಿಯುದ್ದಕ್ಕೂ ಆಕೆ ಅವರಿಗಾಗಿ ಒಂದು ಕಥೆ ಕಟ್ಟಿದಳು, ಚಿತ್ರಗಳನ್ನೂ ತಾನೇ ಬರೆದಳು. ಅದು 1899ರಲ್ಲಿ ಲಂಡನ್ನಿನಲ್ಲಿ ಮಗುವಿನ ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪುಸ್ತಕವಾಗಿ ಬಂದಿತು. ಹೆಸರು 'ದಿ ಸ್ಟೋರಿ ಆಫ್ ಲಿಟಲ್ ಬ್ಲ್ಯಾಕ್ ಸ್ಯಾಂಬೊ'. ಹಕ್ಕುಸ್ವಾಮ್ಯ ಐದು ಪೌಂಡಿಗೆ ಮಾರಾಟವಾಗಿತ್ತು.

ಕಥೆಯಾಗಿ ಅದು ಚೆನ್ನಾಗಿಯೇ ಇದೆ. ಹೊಸ ಬಟ್ಟೆ ತೊಟ್ಟು, ಹಸಿರು ಕೊಡೆ ಹಿಡಿದು ಕಾಡಿಗೆ ಹೋದ ಹುಡುಗನನ್ನು ಹುಲಿಗಳು ಒಂದೊಂದಾಗಿ ಅಡ್ಡಗಟ್ಟುತ್ತವೆ. ಅವನು ಒಂದೊಂದಕ್ಕೂ ಒಂದೊಂದು ಉಡುಪನ್ನು ಕೊಟ್ಟು ಜೀವ ಉಳಿಸಿಕೊಳ್ಳುತ್ತಾನೆ. ತಮ್ಮಲ್ಲಿ ಯಾರು ಹೆಚ್ಚು ಚೆಲುವರೆಂದು ಜಗಳಕ್ಕೆ ಬಿದ್ದ ಹುಲಿಗಳು ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ಆ ತುಪ್ಪದಲ್ಲಿ ಹುಡುಗನ ತಾಯಿ ದೋಸೆಯಂಥ ಪ್ಯಾನ್‌ಕೇಕ್ ಹುಯ್ಯುತ್ತಾಳೆ. ಹುಡುಗ ತಿಂದದ್ದು 169. ಹುಲಿ, ತುಪ್ಪ, ಬಿಸಿಲು, ಎಲ್ಲವೂ ಈ ನೆಲದವು. ಕರಗಿದ ಬೆಣ್ಣೆಯನ್ನು ಭಾರತದಲ್ಲಿ ತುಪ್ಪವೆನ್ನುತ್ತಾರೆಂದು ಆಕೆ ಕಥೆಯೊಳಗೇ ವಿವರಿಸುತ್ತಾಳೆ. ಆದರೆ ಚಿತ್ರದಲ್ಲಿರುವ ಹುಡುಗ ಈ ನೆಲದವನಲ್ಲ. ಅಂಟಿಸಿದಂತಿರುವ ದಪ್ಪ ತುಟಿ, ಹೊರಗೆ ಬಂದ ಕಣ್ಣು, ಮಸಿಯಂಥ ಮೈ: ಯೂರೋಪು ಅಮೆರಿಕಗಳ ಹಾಸ್ಯಚಿತ್ರಗಳು ಆಫ್ರಿಕನ್ ಮೂಲದವರನ್ನು ಅಣಕಿಸಲು ಕಂಡುಕೊಂಡಿದ್ದ ಅಚ್ಚು ಅದು. ಹತ್ತಾರು ವರ್ಷ ಭಾರತದ ಬೀದಿಗಳಲ್ಲಿ ಸಾವಿರಾರು ಮಕ್ಕಳನ್ನು ಕಂಡಿದ್ದ ತಾಯಿಯೊಬ್ಬಳು, ಬರೆಯಲು ಕುಳಿತಾಗ ಅವರಲ್ಲಿ ಒಬ್ಬರನ್ನೂ ನೆನೆಯದೆ ಸಿದ್ಧ ಅಚ್ಚೊಂದನ್ನು ಎತ್ತಿಕೊಂಡಳು. ಆಕೆಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ಹೇಳಲು ಆಧಾರವಿಲ್ಲ. ಅಚ್ಚು ಕೆಲಸ ಮಾಡಲು ದುರುದ್ದೇಶದ ಅಗತ್ಯವೂ ಇಲ್ಲ.

ಪುಸ್ತಕ 1900ರಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಹಕ್ಕುಸ್ವಾಮ್ಯದ ರಕ್ಷಣೆ ಇಲ್ಲದ್ದರಿಂದ ಪ್ರಕಾಶಕರು ತಮತಮಗೆ ತೋಚಿದಂತೆ ಹೊಸ ಚಿತ್ರಗಳನ್ನು ಬರೆಸಿ ಮುದ್ರಿಸಿದರು. ಆ ದೇಶದಲ್ಲಿ 'ಸ್ಯಾಂಬೊ' ಎಂಬುದು ಪುಸ್ತಕ ಬರುವ ಮೊದಲೇ ಕಪ್ಪು ಜನರನ್ನು ಹೀಯಾಳಿಸುವ ಹೆಸರಾಗಿತ್ತು. ಭಾರತದ ಹುಡುಗ ಅಲ್ಲಿ ಹತ್ತಿತೋಟದ ಗುಲಾಮನ ಮಗನಾದ. ದಶಕಗಳ ಕಾಲ ಶಾಲೆಗಳಲ್ಲಿ ಅದನ್ನು ಗಟ್ಟಿಯಾಗಿ ಓದುವಾಗ ತರಗತಿಯಲ್ಲಿ ಕುಳಿತಿದ್ದ ಕಪ್ಪು ಮಗುವಿನ ಮೇಲೆ ಉಳಿದವರ ಕಣ್ಣು ಬೀಳುತ್ತಿತ್ತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1932ರಲ್ಲೇ ಈ ಪುಸ್ತಕವನ್ನು ಹೆಸರಿಸಿ, ಬಿಳಿಯ ಮಗುವಿಗೆ ವಿನೋದವೆನಿಸುವ ಇಂಥ ಚಿತ್ರಗಳು ಕಪ್ಪು ಮಗುವಿಗೆ ನೋವು ತರುತ್ತವೆಂದು ಬರೆದ.

ಹ್ಯೂಸ್ ಹಾಗೆ ಬರೆಯಲು ಹಿನ್ನೆಲೆಯೊಂದಿತ್ತು. ಡಬ್ಲ್ಯು. ಇ. ಬಿ. ಡು ಬಾಯ್ಸ್ 1920ರ ಜನವರಿಯಲ್ಲಿ 'ದಿ ಬ್ರೌನೀಸ್ ಬುಕ್' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಜೆಸ್ಸಿ ಫಾಸೆಟ್ ಅದರ ಸಾಹಿತ್ಯ ಸಂಪಾದಕಿ. ಕಪ್ಪು ಮಕ್ಕಳ ಛಾಯಾಚಿತ್ರಗಳು, ಅವರ ಪತ್ರಗಳು, ಅವರ ಹಿರಿಯರ ಜೀವನಚರಿತ್ರೆಗಳು ಅದರಲ್ಲಿ ಬರುತ್ತಿದ್ದವು. ಹದಿಹರೆಯದ ಹ್ಯೂಸ್‌ನ ಕವಿತೆಗಳಿಗೆ 1921ರಲ್ಲಿ ಜಾಗ ಕೊಟ್ಟದ್ದೂ ಅದೇ ಪತ್ರಿಕೆ. ಇಪ್ಪತ್ನಾಲ್ಕು ಸಂಚಿಕೆಗಳ ನಂತರ, 1921ರ ಡಿಸೆಂಬರಿನಲ್ಲಿ, ಅದು ನಿಂತುಹೋಯಿತು. ಹುಲಿಗಳ ಕಥೆ ಮಾತ್ರ ಮರುಮುದ್ರಣವಾಗುತ್ತಲೇ ಇತ್ತು.

ಈ ಚರಿತ್ರೆಯ ತಿರುವು ಬಂದದ್ದು ಬ್ರೂಕ್ಲಿನ್ನಿನ ಒಬ್ಬ ಬಡ ವಲಸಿಗರ ಮಗನಿಂದ. ಜೇಕಬ್ ಎಜ್ರಾ ಕ್ಯಾಟ್ಜ್ 1916ರಲ್ಲಿ ಹುಟ್ಟಿದ. ತಂದೆತಾಯಿ ಪೋಲೆಂಡಿನಿಂದ ಬಂದ ಯಹೂದಿಗಳು. ತಂದೆ ಹೋಟೆಲೊಂದರಲ್ಲಿ ಮಾಣಿ. ಚಿತ್ರ ಬರೆದು ಹೊಟ್ಟೆ ತುಂಬದೆಂದು ಮಗನನ್ನು ಎಚ್ಚರಿಸುತ್ತಲೇ ಇದ್ದ ಆ ತಂದೆ, ಮಗನ ಶಾಲಾ ವಿದ್ಯಾಭ್ಯಾಸ ಮುಗಿಯುವ ಹೊತ್ತಿಗೆ ತೀರಿಕೊಂಡ. ಅವನ ಪಾಕೀಟಿನಲ್ಲಿ ಮಗನ ಬಹುಮಾನಗಳ ಸುದ್ದಿಯಿದ್ದ ಪತ್ರಿಕೆಯ ತುಣುಕುಗಳು ಮಡಿಕೆಗಳಲ್ಲಿ ಸವೆದು ಉಳಿದಿದ್ದವು. ಯುದ್ಧಕಾಲದಲ್ಲಿ ಸೇನೆಗಾಗಿ ಮರೆಮಾಚುವ ವಿನ್ಯಾಸಗಳನ್ನು ರಚಿಸಿ ಮರಳಿದ ಮಗನಿಗೆ ಯಹೂದಿ ಹೆಸರಿನಲ್ಲಿ ಕೆಲಸ ಸಿಗುವುದು ಕಷ್ಟವಾಗಿತ್ತು. 1947ರಲ್ಲಿ ಅವನು ಕಾನೂನುರೀತ್ಯಾ ಎಜ್ರಾ ಜ್ಯಾಕ್ ಕೀಟ್ಸ್ ಆದ. ಹೆಸರು ಬದಲಿಸಿಕೊಂಡು ಬದುಕಬೇಕಾದವನಿಗೆ, ಚಿತ್ರದಿಂದ ಹೊರಗುಳಿಯುವುದು ಏನೆಂದು ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.

1940ರಲ್ಲಿ 'ಲೈಫ್' ವಾರಪತ್ರಿಕೆಯಲ್ಲಿ ಬಂದ ನಾಲ್ಕಾರು ಛಾಯಾಚಿತ್ರಗಳನ್ನು ಅವನು ಕತ್ತರಿಸಿ ಇಟ್ಟುಕೊಂಡಿದ್ದ. ಜಾರ್ಜಿಯಾ ರಾಜ್ಯದ ಒಬ್ಬ ಪುಟ್ಟ ಕಪ್ಪು ಹುಡುಗ ರಕ್ತಪರೀಕ್ಷೆಗಾಗಿ ನಿಂತಿದ್ದ ಚಿತ್ರಗಳವು. ಸೂಜಿ ಚುಚ್ಚುವ ಮುನ್ನ ನಗು, ನಂತರ ಬೆರಗು, ನೋವು. ಅವು ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಬಳಿಯಿದ್ದವು. ಆ ಅವಧಿಯಲ್ಲಿ ಇತರರ ಪುಸ್ತಕಗಳಿಗೆ ಚಿತ್ರ ಬರೆದ ಅವನ ಕೈಗೆ, ಕಪ್ಪು ಮಗು ನಾಯಕನಾಗಿದ್ದ ಒಂದು ಹಸ್ತಪ್ರತಿಯೂ ಬರಲಿಲ್ಲ. ಬಂದರೆ ಹಿನ್ನೆಲೆಯ ಗುಂಪಿನಲ್ಲಿ ಎಲ್ಲೋ ಒಂದು ಮುಖ. 1960ರಲ್ಲಿ ಗೆಳತಿಯೊಬ್ಬಳೊಡನೆ ಕೂಡಿ ಬರೆದ 'ಮೈ ಡಾಗ್ ಈಸ್ ಲಾಸ್ಟ್' ಪುಸ್ತಕದ ನಾಯಕ ಪೋರ್ಟೊ ರಿಕೊದಿಂದ ಆಗಷ್ಟೇ ನ್ಯೂಯಾರ್ಕಿಗೆ ಬಂದಿಳಿದ ಹುವಾನಿತೊ. ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬಾರದ ಆ ಹುಡುಗ, ಕಳೆದುಹೋದ ನಾಯಿಯನ್ನು ಹುಡುಕುತ್ತ ಊರಿನ ಬೇರೆ ಬೇರೆ ಜನರ ಕೇರಿಗಳನ್ನು ಸುತ್ತುತ್ತಾನೆ. ಊರು ಬಿಟ್ಟು ಊರಿಗೆ ಬಂದು, ಹೊಸ ಶಾಲೆಯ ಮೊದಲ ದಿನ ಬಾಯಿಬಾರದೆ ನಿಂತ ಮಕ್ಕಳನ್ನು ಸಾಕಿದ ನಮ್ಮಂಥವರಿಗೆ ಹುವಾನಿತೊನ ಪಾಡು ಅಪರಿಚಿತವಲ್ಲ.

1962ರಲ್ಲಿ 'ದಿ ಸ್ನೋಯಿ ಡೇ' ಬಂದಿತು. ಬೆಳಗ್ಗೆ ಎದ್ದು ಕಿಟಕಿಯಿಂದ ಹಿಮ ಕಂಡ ಪೀಟರ್ ಕೆಂಪು ಉಡುಪು ತೊಟ್ಟು ಹೊರಗೆ ಹೋಗುತ್ತಾನೆ. ಹಿಮದಲ್ಲಿ ಹೆಜ್ಜೆಯಚ್ಚು ಮೂಡಿಸುತ್ತಾನೆ, ಕೋಲೆಳೆದು ಗೆರೆ ಹಾಕುತ್ತಾನೆ, ದೊಡ್ಡ ಹುಡುಗರ ಆಟಕ್ಕೆ ತಾನಿನ್ನೂ ಚಿಕ್ಕವನೆಂದು ದೂರ ಉಳಿಯುತ್ತಾನೆ. ನಾಳೆಗಿರಲೆಂದು ಒಂದು ಹಿಮದುಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಮಲಗುವ ಮುನ್ನ ನೋಡಿದರೆ ಜೇಬು ಒದ್ದೆ, ಉಂಡೆ ಮಾಯ. ಕಥೆ ಇಷ್ಟೇ. ಅವನ ಬಣ್ಣದ ಬಗ್ಗೆ ಪಠ್ಯದಲ್ಲಿ ಒಂದು ಮಾತೂ ಇಲ್ಲ. ಚಿತ್ರದಲ್ಲಿ ಅವನು ಕಂದುಬಣ್ಣದ ಕಪ್ಪು ಹುಡುಗ. ಬಣ್ಣದ ಕಾಗದ, ಬಟ್ಟೆ, ಮೇಣಬಟ್ಟೆಗಳನ್ನು ಕತ್ತರಿಸಿ ಅಂಟಿಸಿ, ರಬ್ಬರಿನಲ್ಲಿ ಹಿಮದ ಹಳುಕುಗಳ ಅಚ್ಚು ಕೊರೆದು, ಹಲ್ಲುಜ್ಜುವ ಬ್ರಷ್ಷಿನಿಂದ ಶಾಯಿ ಚಿಮುಕಿಸಿ ಕೀಟ್ಸ್ ಆ ಪುಟಗಳನ್ನು ಕಟ್ಟಿದ. 1963ರಲ್ಲಿ ಅಮೆರಿಕದ ಚಿತ್ರಪುಸ್ತಕಗಳ ಅತ್ಯುನ್ನತ ಗೌರವವಾದ ಕಾಲ್ಡಿಕಾಟ್ ಪದಕ ಅದಕ್ಕೆ ದೊರೆಯಿತು.

ಆ ವರ್ಷಗಳಲ್ಲಿ ಕಪ್ಪು ಮಗುವೆಂದರೆ ವಾರ್ತಾಪತ್ರಿಕೆಗೆ ಒಂದು ಸಮಸ್ಯೆ: ಶಾಲಾ ಪ್ರವೇಶದ ಹೋರಾಟ, ಪೊಲೀಸ್ ನಾಯಿ, ನೀರಿನ ಫಿರಂಗಿ. ಕೀಟ್ಸ್ ಆ ಮಗುವಿಗೆ ಒಂದು ರಜೆಯ ದಿನವನ್ನು ಕೊಟ್ಟ. ಪುಸ್ತಕ ಬಂದ ಮೇಲೆ ಒಬ್ಬ ಶಿಕ್ಷಕಿ ಅವನಿಗೆ ಪತ್ರ ಬರೆದು, ತನ್ನ ತರಗತಿಯ ಮಕ್ಕಳು ಮೊದಲ ಬಾರಿಗೆ ತಮ್ಮ ಚಿತ್ರ ಬರೆಯಲು ಕಂದು ಕ್ರೇಯಾನನ್ನು ಎತ್ತಿಕೊಳ್ಳುತ್ತಿದ್ದಾರೆಂದು ತಿಳಿಸಿದರಂತೆ. ಇದನ್ನು ಓದಿದ ದಿನ ನನ್ನ ಮಗಳ ಹಾಳೆ ಕಣ್ಣ ಮುಂದೆ ಬಂದಿತು. ಕ್ರೇಯೋಲಾ ಸಂಸ್ಥೆ ತನ್ನ 'ಫ್ಲೆಶ್', ಅಂದರೆ ಮೈಬಣ್ಣ, ಎಂಬ ಕ್ರೇಯಾನಿನ ಹೆಸರನ್ನು 'ಪೀಚ್' ಎಂದು ಬದಲಿಸಿದ್ದೂ ಅದೇ 1962ರಲ್ಲಿ. ನಮ್ಮ ಮಕ್ಕಳ ಬಾಯಲ್ಲಿ ಆ ಹಳೆಯ ಹೆಸರು ಇಂದಿಗೂ ಉಳಿದಿದೆ.

ಕಥೆ ಇಲ್ಲಿಗೆ ಸುಖಾಂತವಾಗಬಹುದಿತ್ತು, ಆಗಲಿಲ್ಲ. ನ್ಯೂಯಾರ್ಕಿನ ಒಂದು ಶಿಶುವಿಹಾರದಲ್ಲಿ ಐದು ವರ್ಷದ ಕಪ್ಪು ಹುಡುಗಿಯೊಬ್ಬಳು ಪುಸ್ತಕ ನೋಡುತ್ತ, ಇದರಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಕೇಳಿದ್ದಳು. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಎಣಿಸಲು ಹೊರಟರು. 1962ರಿಂದ 1964ರವರೆಗಿನ ಮೂರು ವರ್ಷಗಳಲ್ಲಿ 63 ಪ್ರಕಾಶಕರು ಹೊರತಂದ 5,206 ಮಕ್ಕಳ ಪುಸ್ತಕಗಳ ಲೆಕ್ಕ ಸಿಕ್ಕಿತು. ಅವುಗಳಲ್ಲಿ ಒಬ್ಬನಾದರೂ ಕಪ್ಪು ವ್ಯಕ್ತಿ ಇದ್ದವು 349, ಅಂದರೆ ಶೇಕಡ 6.7. ಅವುಗಳಲ್ಲೂ ಹೆಚ್ಚುಕಡಿಮೆ ಶೇಕಡ 60ರಷ್ಟು ಅಮೆರಿಕದ ಹೊರಗೆ ಅಥವಾ ಎರಡನೆಯ ಮಹಾಯುದ್ಧದ ಹಿಂದೆ ನಡೆಯುವ ಕಥೆಗಳು. ಇಂದಿನ ಅಮೆರಿಕದ ಕಪ್ಪು ಜನರ ಕಥೆ ಹೇಳುವವು ಒಟ್ಟು ಪುಸ್ತಕಗಳಲ್ಲಿ ಶೇಕಡ ಒಂದಕ್ಕೂ ಕಡಿಮೆ. 1965ರ ಸೆಪ್ಟೆಂಬರಿನಲ್ಲಿ 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯಲ್ಲಿ ಈ ಅಂಕಿಗಳು ಪ್ರಕಟವಾದವು.

ಆ ಲೇಖನ ಕೀಟ್ಸ್‌ನನ್ನೂ ಬಿಡಲಿಲ್ಲ. ಹುಡುಗ ಕಪ್ಪು ಜನಾಂಗದವನೆಂದು ಪಠ್ಯ ಎಲ್ಲೂ ಹೇಳುವುದಿಲ್ಲವೆಂಬುದನ್ನೂ, ಹಳದಿ ಚೌಕುಳಿಯ ಉಡುಪಿನ ಸ್ಥೂಲಕಾಯದ ತಾಯಿ ಹಳೆಯ ಮನೆಗೆಲಸದವಳ ಅಚ್ಚನ್ನು ನೆನಪಿಸುತ್ತಾಳೆಂಬುದನ್ನೂ ಲ್ಯಾರಿಕ್ ಎತ್ತಿ ತೋರಿಸಿದರು. ನೊಂದ ಕೀಟ್ಸ್ ಪತ್ರಿಕೆಗೆ ಕಟುವಾದ ಉತ್ತರ ಬರೆದ. ಎಷ್ಟೋ ಸಲ ಈ ವಾದವನ್ನು ಮನಸ್ಸಿನಲ್ಲಿ ತೂಗಿ ನೋಡಿದ್ದೇನೆ. ಪೀಟರ್‌ನ ಬಣ್ಣವನ್ನು ಹೇಳದೆ ಬಿಟ್ಟದ್ದೇ ಆ ಪುಸ್ತಕದ ಸೊಗಸು ಎಂಬುದು ನನ್ನ ಅಭಿಪ್ರಾಯ. ಆದರೂ ಲ್ಯಾರಿಕ್ ಅವರ ಕೋಷ್ಟಕವನ್ನು ಬದಿಗಿಡಲು ನನ್ನಿಂದಾಗದು. ನನ್ನ ಕಚೇರಿಯ ಕೆಲಸವೇ ವಿವರಪಟ್ಟಿಗಳದು. ಒಂದು ಒಳ್ಳೆಯ ಕಡತವನ್ನು ಮುಂದೆ ಹಿಡಿದು ಉಳಿದ ಸಾವಿರವನ್ನು ಮರೆಯಿಸುವುದು ಎಷ್ಟು ಸುಲಭವೆಂದು ಬಲ್ಲೆ. ಪೀಟರ್ ಹಿಮದಲ್ಲಿ ಆಡಿದ ಆ ಮೂರು ವರ್ಷಗಳಲ್ಲಿ 4,857 ಪುಸ್ತಕಗಳಲ್ಲಿ ಅವನಂಥ ಒಬ್ಬನೂ ಇರಲಿಲ್ಲ.

ಎಣಿಕೆಯ ಫಲ ಅಂಕಿಯಲ್ಲೇ ನಿಲ್ಲಲಿಲ್ಲ. ಅದೇ 1965ರಲ್ಲಿ 'ಕೌನ್ಸಿಲ್ ಆನ್ ಇಂಟರ್‌ರೇಶಿಯಲ್ ಬುಕ್ಸ್ ಫಾರ್ ಚಿಲ್ಡ್ರನ್' ಎಂಬ ಸಂಘಟನೆ ಹುಟ್ಟಿತು. ಅಪ್ರಕಟಿತ ಲೇಖಕರಿಗಾಗಿ ಅದು ನಡೆಸಿದ ಸ್ಪರ್ಧೆಯಲ್ಲಿ ಗೆದ್ದವರಲ್ಲಿ ವಾಲ್ಟರ್ ಡೀನ್ ಮೈಯರ್ಸ್ ಒಬ್ಬರು. ಮುಂದೆ ಅವರು ಮಕ್ಕಳ ಸಾಹಿತ್ಯದ ದೊಡ್ಡ ಹೆಸರಾದರು. 1969ರಲ್ಲಿ ಬ್ರೂಕ್ಲಿನ್ನಿನ ಹದಿಹರೆಯದ ಕಲಾವಿದ ಜಾನ್ ಸ್ಟೆಪ್ಟೊ ತನ್ನ ಕೇರಿಯ ಮಕ್ಕಳು ಆಡುವ ಮಾತಿನಲ್ಲೇ 'ಸ್ಟೀವಿ' ಬರೆದ. ಚಿತ್ರದೊಳಗಿದ್ದವರು ಈಗ ಕುಂಚ ಹಿಡಿಯತೊಡಗಿದ್ದರು. ಆದರೂ ದಾರಿ ದೂರವಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರು ಅಥವಾ ಕಲಾವಿದರವು ಕೇವಲ 18. ಅದೇ ಕೇಂದ್ರದ 2018ರ ಲೆಕ್ಕದಲ್ಲಿ ಪ್ರಾಣಿಗಳೋ ವಸ್ತುಗಳೋ ನಾಯಕರಾಗಿದ್ದ ಪುಸ್ತಕಗಳು ಶೇಕಡ 27. ಬಿಳಿಯರಲ್ಲದ ಎಲ್ಲ ಮಕ್ಕಳ ಪುಸ್ತಕಗಳನ್ನು ಕೂಡಿದರೂ ಶೇಕಡ 23. ನಮ್ಮ ಮನೆಯ ಕಪಾಟು ವಿಸ್ಕಾನ್ಸಿನ್ನಿನ ಕೋಷ್ಟಕದ ಒಂದು ಸಣ್ಣ ನಕಲಾಗಿತ್ತು.

ಈ ಎಲ್ಲ ಚರ್ಚೆಗೆ ಒಂದು ರೂಪಕವನ್ನು ಕೊಟ್ಟವರು ರೂಡೀನ್ ಸಿಮ್ಸ್ ಬಿಷಪ್. ಪುಸ್ತಕವು ಮಗುವಿಗೆ ಕನ್ನಡಿಯೂ ಆಗಬೇಕು, ಇನ್ನೊಬ್ಬರ ಬಾಳನ್ನು ತೋರುವ ಕಿಟಕಿಯೂ ಆಗಬೇಕು, ಆ ಬಾಳಿನೊಳಕ್ಕೆ ಕಾಲಿಡುವ ಬಾಗಿಲೂ ಆಗಬೇಕು ಎಂದು 1990ರ ಪ್ರಬಂಧದಲ್ಲಿ ಅವರು ವಾದಿಸಿದರು. ಕನ್ನಡಿಯೇ ಸಿಗದ ಮಗುವಿನ ಬಗ್ಗೆ ಎಲ್ಲರೂ ಮರುಗುತ್ತಾರೆ. ಕನ್ನಡಿಗಳನ್ನೇ ನೋಡುತ್ತ ಬೆಳೆದ ಮಗುವೂ ಜಗತ್ತೆಂದರೆ ತಾನೇ ಎಂದು ಭ್ರಮಿಸುವ ಅಪಾಯದಲ್ಲಿದೆ ಎಂಬುದನ್ನೂ ಅವರು ನೆನಪಿಸಿದರು.

ಮದ್ರಾಸಿನ ರೈಲಿನಿಂದ ಹೊರಟ ಆ ಹುಡುಗನ ಗತಿ ಏನಾಯಿತು? 1996ರಲ್ಲಿ ಅವನು ಎರಡು ಬಾರಿ ಮರುಹುಟ್ಟು ಪಡೆದ. ಫ್ರೆಡ್ ಮಾರ್ಸೆಲಿನೊ ಅದೇ ಕಥೆಗೆ ಹೊಸ ಚಿತ್ರ ಬರೆದು, ಹೆಸರುಗಳನ್ನು ಬದಲಿಸಿ, ಹುಡುಗನನ್ನು ಭಾರತದ 'ಬಾಬಾಜಿ'ಯನ್ನಾಗಿ ಮಾಡಿದ. ಜೂಲಿಯಸ್ ಲೆಸ್ಟರ್ ಮತ್ತು ಜೆರ್ರಿ ಪಿಂಕ್ನಿ ಎಂಬ ಇಬ್ಬರು ಕಪ್ಪು ಕಲಾವಿದರು ಅದನ್ನೇ ಅಮೆರಿಕದ ದಕ್ಷಿಣದ ಜಾನಪದದ ಧಾಟಿಯಲ್ಲಿ 'ಸ್ಯಾಮ್ ಆ್ಯಂಡ್ ದಿ ಟೈಗರ್ಸ್' ಎಂದು ಮರುಹೇಳಿದರು. ತಮ್ಮನ್ನು ನೋಯಿಸಿದ ಕಥೆಯನ್ನು ಅವರು ಸುಟ್ಟುಹಾಕದೆ ತಮ್ಮದಾಗಿಸಿಕೊಂಡರು.

ಇನ್ನು ನಮ್ಮ ನೆಲದ ಮಾತು. 2004ರಲ್ಲಿ ಚೆನ್ನೈನ ತಾರಾ ಬುಕ್ಸ್ 'ದಿ ಲಂಡನ್ ಜಂಗಲ್ ಬುಕ್' ಪ್ರಕಟಿಸಿತು. ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ಕಲಾವಿದ ಭಜ್ಜು ಶ್ಯಾಮ್ ಲಂಡನ್ನಿನ ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲು ಹೋಗಿ ಎರಡು ತಿಂಗಳು ಅಲ್ಲಿದ್ದರು. ಆ ಅನುಭವದ ಚಿತ್ರಪುಸ್ತಕ ಅದು. ಅವರ ಕಣ್ಣಿಗೆ ವಿಮಾನ ಹಾರುವ ಆನೆ, ಬಿಗ್ ಬೆನ್ ಗಡಿಯಾರ ಹೊತ್ತು ತಿಳಿಸುವ ಹುಂಜ, ನೆಲದಡಿಯ ರೈಲು ದೈತ್ಯ ಎರೆಹುಳು, ನಿತ್ಯ ಕರೆದೊಯ್ಯುವ ಬಸ್ಸು ನಂಬಿಗಸ್ತ ನಾಯಿ. ಬ್ಯಾನರ್‌ಮನ್ ಕಾಡನ್ನು ಚಿತ್ರಿಸಿದ ನೂರು ವರ್ಷಗಳ ನಂತರ ಕಾಡಿನ ಕಡೆಯವನೊಬ್ಬ ಲಂಡನ್ನನ್ನು ಚಿತ್ರಿಸಿದ. ಅವನ ಚಿತ್ರದಲ್ಲಿ ಅಣಕವಿಲ್ಲ, ಬೆರಗಿದೆ. 2008ರಲ್ಲಿ ಹೈದರಾಬಾದಿನ ಅನ್ವೇಷಿ ಸಂಶೋಧನಾ ಕೇಂದ್ರ 'ಡಿಫರೆಂಟ್ ಟೇಲ್ಸ್' ಮಾಲೆಯನ್ನು ರೂಪಿಸಿತು. ದಲಿತ, ಮುಸ್ಲಿಂ ಮನೆಗಳ ಮಕ್ಕಳು ಅದರ ನಾಯಕರು. ಮೊಹಮ್ಮದ್ ಖದೀರ್ ಬಾಬು ಅವರ ಕಥೆಯೊಂದರಲ್ಲಿ ಭಾನುವಾರ ಮನೆಯಲ್ಲಿ ತಲೆಮಾಂಸದ ಸಾರು ಕುದಿಯುತ್ತದೆ. ಶಾಲೆಯ ಪುಸ್ತಕಗಳಲ್ಲಿ ನಾನೆಂದೂ ಕಾಣದ ಅಡುಗೆಮನೆ ಅದು. ಓದುತ್ತ ಒಂದು ಸಂಗತಿ ನನ್ನನ್ನು ಚುಚ್ಚಿತು. ಮಗಳ ಬಣ್ಣ ಪುಸ್ತಕದಲ್ಲಿಲ್ಲವೆಂದು ನೊಂದ ನಾನು, ನನ್ನ ಬಾಲ್ಯದ ಕನ್ನಡ ಪಠ್ಯದಲ್ಲಿ ಪಕ್ಕದ ಬೆಂಚಿನ ಗೆಳೆಯನ ಮನೆ ಇರಲಿಲ್ಲವೆಂಬುದನ್ನು ನಲವತ್ತು ದಾಟುವವರೆಗೆ ಗಮನಿಸಿರಲಿಲ್ಲ. ಅಲ್ಲಿದ್ದದ್ದು ನನ್ನ ಮನೆ. ಆದ್ದರಿಂದ ಅದು ಎಲ್ಲರ ಮನೆಯೆಂದೇ ತಿಳಿದಿದ್ದೆ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಪದರವಿದೆ. ನಮ್ಮ ಮಕ್ಕಳು ಚಿತ್ರದಿಂದಷ್ಟೇ ಅಲ್ಲ, ಚಿತ್ರದ ಕೆಳಗಿನ ಅಕ್ಷರದಿಂದಲೂ ಹೊರಗುಳಿಯುತ್ತಾರೆ. ಚೆನ್ನೈನ ತೂಲಿಕಾ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ, ದ್ವಿಭಾಷಾ ರೂಪದಲ್ಲೂ, ಚಿತ್ರಪುಸ್ತಕಗಳನ್ನು ತರುತ್ತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ನಾವೇ ಅನುವಾದಿಸಿ ಸೇರಿಸಲೂಬಹುದು. ಪುಸ್ತಕಗಳಿಲ್ಲವೆಂಬ ನನ್ನ ನೆಪಕ್ಕೆ ಇನ್ನು ಆಧಾರವಿಲ್ಲ. ಹುಡುಕಿರಲಿಲ್ಲ, ಅಷ್ಟೇ.

ಈಗ ನಮ್ಮ ಬಳಗದ ಭಾನುವಾರದ ಕನ್ನಡ ತರಗತಿಯಲ್ಲಿ ಚಿತ್ರ ಬರೆಯುವ ಮೊದಲು ಮಕ್ಕಳು ಮೇಜಿನ ಮೇಲೆ ಕೈ ಚಾಚಿ, ಯಾವ ಕ್ರೇಯಾನ್ ಹೊಂದುತ್ತದೆಂದು ಪಕ್ಕದಲ್ಲಿಟ್ಟು ನೋಡುತ್ತಾರೆ. ಪೆಟ್ಟಿಗೆಯಲ್ಲಿರುವುದು ಎರಡೇ ಕಂದು. ಹನ್ನೊಂದು ಮಕ್ಕಳಲ್ಲಿ ಯಾರ ಕೈಗೂ ಅವು ಸರಿಯಾಗಿ ಹೊಂದುವುದಿಲ್ಲ. ಕಂದಿನ ಮೇಲೆ ಹಳದಿ, ಅದರ ಮೇಲೆ ಇಷ್ಟು ಕೆಂಪು ತಿಕ್ಕಿ ಬೆರೆಸುತ್ತಾರೆ. ಕಳೆದ ವಾರ ನನ್ನ ಮಗಳು ಮತ್ತೆ ಅಜ್ಜಿಯ ಚಿತ್ರ ಬರೆದಳು. ಬಣ್ಣ ಬೆರೆಸುತ್ತ ತಲೆಯೆತ್ತಿ, "ಅಪ್ಪಾ, ಅಜ್ಜಿ ನನಗಿಂತ ಕಪ್ಪಾ?" ಎಂದು ಕೇಳಿದಳು. ಸರಿಯಾಗಿ ಹೇಳಲು ನನಗಾಗಲಿಲ್ಲ. ಸಂಜೆ ಅಮ್ಮನಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಮಗಳ ಕೈಗೆ ಕೊಟ್ಟೆ.